ಬೀದಿ ಕೇಳುವಂತೆ

ಉಲ್ಟಾ ಪ್ರತಿಯಲ್ಲಿ ಇರಬಾರದ ಎರಡು ಪದಗಳು ಇದ್ದವು. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಮೂವತ್ತೆರಡನೆಯ ಕಟ್ಟಳೆ, ಕೊನೆಯ ಸಾಲು, ಇದ್ದೇ ಇದ್ದವು. ಬುಧವಾರ, ಬೆಳಗಿನ ಹನ್ನೊಂದು ಗಂಟೆ. ಕಿಟಕಿಯ ಕೆಳಗೆ ಬಸ್ಸುಗಳು ಎಂದಿನಂತೆ ಅರಚುತ್ತಿದ್ದವು, ಪಕ್ಕದ ಮೇಜಿನ ಬೆರಳಚ್ಚಿನ ಹುಡುಗಿ ಎಂದಿನಂತೆ ಯಾರ ಮೇಲಿನ ಸಿಟ್ಟನ್ನೋ ಕೀಲಿಮಣೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಜವಾನ ಲಕೋಟೆಯನ್ನು ಮೇಜಿನ ಮೇಲೆ ಹಾಕಿ ಹೋಗಿ ಐದು ನಿಮಿಷವೂ ಆಗಿರಲಿಲ್ಲ. ಹಾಕುವಾಗ ನಕ್ಕನೇ? ನಕ್ಕ ಹಾಗಿತ್ತು. ಆ ಮನುಷ್ಯನ ಮುಖವೇ ಹಾಗೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಮುಖ ಹಾಗಿರುವುದಕ್ಕೂ ಏನಾದರೂ ಕಾರಣ ಇದ್ದೀತು ಎಂದು ಈಗ ಮೊದಲ ಸಲ ಅನ್ನಿಸಿತು.

ಕಚೇರಿಯ ಪದ್ಧತಿಯಲ್ಲಿ ಗುಟ್ಟೇನೂ ಇರಲಿಲ್ಲ. ಕಡಲಾಚೆಯ ಒಂದು ಸಣ್ಣ ಬಂದರಿನ ಹಿರಿಯರು ನಾನೂರು ವರ್ಷಗಳ ಹಿಂದೆ ಬರೆಸಿಟ್ಟ ಕಟ್ಟಳೆಗಳ ಪುಸ್ತಕವನ್ನು ಅವನು ಇವತ್ತಿನ ಮಾತಿಗೆ ತರುತ್ತಿದ್ದ. ಅವನು ತಂದದ್ದು ಮುಚ್ಚಿದ ಲಕೋಟೆಯಲ್ಲಿ ಹೊರಗಿನ ಯಾರೋ ಒಬ್ಬರಿಗೆ ಹೋಗುತ್ತಿತ್ತು. ಮೂಲವನ್ನು ಕಣ್ಣಿನಿಂದಲೂ ನೋಡಿರದ ಆ ವ್ಯಕ್ತಿ ಅವನ ಅನುವಾದವನ್ನು ಮತ್ತೆ ಆ ಹಳೆಯ ಭಾಷೆಗೇ ತಿರುಗಿಸಿ ಕಳಿಸಬೇಕು. ಅದಕ್ಕೆ ಕಾಗದಪತ್ರಗಳಲ್ಲಿ ದೊಡ್ಡ ಹೆಸರಿತ್ತು. ಎಲ್ಲರ ಬಾಯಲ್ಲಿ ಅದು ಉಲ್ಟಾ ಪ್ರತಿ, ಮಾಡುವವರು ಉಲ್ಟಾದವರು. ಉಲ್ಟಾದವರಿಗೆ ಹೆಸರಿಲ್ಲ, ನಂಬರು ಮಾತ್ರ. ಅವನ ಹಾಳೆಗಳು ಹೋಗುತ್ತಿದ್ದದ್ದು ಏಳನೆಯ ನಂಬರಿಗೆ. ಕೈಬರಹ ಗುರುತು ಸಿಗಬಾರದೆಂದು ಬಂದದ್ದನ್ನು ವಿಭಾಗದ ಮುಖ್ಯಸ್ಥೆ ಮೇಡಂ ಬೆರಳಚ್ಚು ಮಾಡಿಸಿಯೇ ಕೊಡುತ್ತಿದ್ದರು. ಗುರುವಾರ ಉದ್ದನೆಯ ಮೇಜಿನ ಸುತ್ತ ಕೂತು ಮೂಲವನ್ನೂ ಉಲ್ಟಾವನ್ನೂ ಸಾಲುಸಾಲಾಗಿ ತಾಳೆ ನೋಡುವುದು. ಹೋದದ್ದು ಹೋದ ಹಾಗೇ ವಾಪಸು ಬಂದಿದ್ದರೆ ಅನುವಾದ ಸರಿ. ಆದರೆ ಈ ಎರಡು ಪದಗಳನ್ನು ಅವನು ಕಳಿಸಿಯೇ ಇರಲಿಲ್ಲ. ಬೇಕೆಂದೇ ಬಿಟ್ಟಿದ್ದ. ಬಿಟ್ಟದ್ದು ತಾನಾಗಿ ನಡೆದುಕೊಂಡು ಬಂದು ತನ್ನ ಜಾಗದಲ್ಲಿ ಕೂತಿತ್ತು.

ಮೂವತ್ತೆರಡನೆಯ ಕಟ್ಟಳೆ ಎರಡು ವಾರ ಅವನನ್ನು ಹಿಂಡಿತ್ತು. ಅದು ಒಂದು ತಪ್ಪಿನ ಬಗ್ಗೆ, ಅಥವಾ ತಪ್ಪು ಮಾಡಿದವನ ಬಗ್ಗೆ. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಉಳಿದು, ಅದರಿಂದ ಇನ್ನೊಬ್ಬರು ಮುಳುಗಲು ಬಿಟ್ಟವನು. ಆ ಬಂದರಿನವರಿಗೆ ಅಂಥವನಿಗೆಂದೇ ಒಂದು ಪದ ಇತ್ತು. ಮಕ್ಕಳಿಗೂ ಗೊತ್ತಿದ್ದ ಪದ ಇರಬೇಕು, ಯಾಕೆಂದರೆ ಎಲ್ಲಿಯೂ ಅದನ್ನು ವಿವರಿಸಲು ಹೋಗಿಲ್ಲ. ಅವನು ದ್ರೋಹಿ ಎಂದು ಬರೆದು ಹೊಡೆದುಹಾಕಿದ, ಅಷ್ಟು ದೊಡ್ಡದಲ್ಲ. ಹೇಡಿ ಎಂದು ಬರೆದ. ಅಷ್ಟು ಸಣ್ಣದೂ ಅಲ್ಲ. ಪಾಪಿ ಎಂದರೆ ದೇವರು ಬರುತ್ತಾನೆ, ಅಪರಾಧಿ ಎಂದರೆ ಪೊಲೀಸರು ಬರುತ್ತಾರೆ. ಆ ಸಾಲಿನಲ್ಲಿ ಇಬ್ಬರಿಗೂ ಕೆಲಸವಿರಲಿಲ್ಲ. ಆ ಹಿರಿಯರು ಅಂಥವನನ್ನು ಇಟ್ಟಿದ್ದ ಜಾಗವೇ ವಿಚಿತ್ರ. ಮೂವತ್ತೊಂದನೆಯ ಕಟ್ಟಳೆ, ಬಾವಿಯ ಮುಚ್ಚಳ ಹಾಕದೆ ಹೋದವನ ಬಗ್ಗೆ. ಮೂವತ್ತಮೂರನೆಯದು, ದೋಣಿಯ ಹಗ್ಗ ಬಿಗಿಯದೆ ಬಿಟ್ಟವನ ಬಗ್ಗೆ. ಇವನು ಅವರಿಬ್ಬರ ನಡುವೆ. ಕೊನೆಗೆ ಅವನು 'ಮೌನ ತಳೆದವನು' ಎಂದು ಬರೆದ. ಬರೆದ ಕೂಡಲೇ ನಾಚಿಕೆಯಾಯಿತು. ಮೌನ ತಳೆದವನು ಅಂದರೆ ಯಾರೋ ಋಷಿಯ ಹಾಗೆ ಕೇಳುತ್ತದೆ, ಎದ್ದು ನಮಸ್ಕಾರ ಮಾಡಬೇಕು ಅನ್ನಿಸುತ್ತದೆ. ಆದರೂ ಅದನ್ನೇ ಉಳಿಸಿದ.

ಅಂಥವನಿಗೆ ಏನು ಮಾಡಬೇಕು ಎನ್ನುವುದು ಮುಂದಿನ ಸಾಲುಗಳಲ್ಲಿತ್ತು. ದಂಡವಿಲ್ಲ, ಹೊಡೆತವಿಲ್ಲ. ಅವನು ನೊಂದವರ ಮನೆಯ ಹೊಸ್ತಿಲ ಹೊರಗೆ ಹೋಗಿ ನಿಲ್ಲಬೇಕು. ಮನೆಯವರು 'ಯಾಕೆ ಬಂದೆ' ಎಂದು ಕೇಳುವ ತನಕ ಒಳಗೆ ಹೋಗಬಾರದು, ತಿರುಗಿಯೂ ಹೋಗಬಾರದು. ಕೇಳಿದ ಮೇಲೆ, ಬೀದಿ ಕೇಳುವಂತೆ, ತಾನು ಏನನ್ನು ಹೇಳದೆ ಇಟ್ಟುಕೊಂಡಿದ್ದನೋ ಅದನ್ನು ಹೇಳಬೇಕು. ಇಷ್ಟೇ. 'ಬೀದಿ ಕೇಳುವಂತೆ' ಎನ್ನುವ ಎರಡು ಪದಗಳು ವಾಕ್ಯದ ನಡುವೆ ಒಂದು ಉಸಿರಿನಷ್ಟಿದ್ದವು. ಇವತ್ತಿನ ಓದುಗರಿಗೆ ಇದು ಹೆಚ್ಚಿನ ಮಾತು, ಹೊಸ್ತಿಲಲ್ಲಿ ನಿಂತು ಹೇಳಿದ್ದು ಬೀದಿಗೆ ಕೇಳಿಯೇ ಕೇಳುತ್ತದೆ, ವಾಕ್ಯ ಓಡಬೇಕು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಬಿಟ್ಟಿದ್ದ. ಆ ಸಮಜಾಯಿಷಿ ಸುಳ್ಳೆಂದು ಆಗಲೇ ಗೊತ್ತಿತ್ತು. ನಿಜ ಹೇಳಬೇಕೆಂದರೆ ಆ ಎರಡು ಪದಗಳ ಹತ್ತಿರ ಬಂದಾಗ ಅವನ ಕೈ ಬರೆಯಲಿಲ್ಲ.

ಈಗ ಯಾರು ಬರೆದರು? ಮೇಡಂ ಬೇಕೆಂದೇ ಮೂಲವನ್ನು ಏಳನೆಯ ನಂಬರಿಗೆ ತೋರಿಸಿ ತನಗೆ ಬೋನು ಇಟ್ಟರೇ? ಆದರೆ ಬೋನಾಗಿದ್ದರೆ ಬಿಟ್ಟದ್ದು ಬಯಲಾಗುವಂತಿರಬೇಕಿತ್ತು. ಇಲ್ಲಿ ಆದದ್ದು ತಿರುಗಾಮುರುಗಾ. ನಾಳೆ ತಾಳೆ ನೋಡುವಾಗ ಮೂಲದಲ್ಲಿಯೂ ಆ ಪದಗಳಿರುತ್ತವೆ, ಉಲ್ಟಾದಲ್ಲಿಯೂ ಇರುತ್ತವೆ. ನಡುವೆ ಅವನ ಅನುವಾದದಲ್ಲಿ ಇಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಯೇ ಅಚ್ಚಾಗುತ್ತದೆ. ಯಾರೋ ಅವನ ತಪ್ಪನ್ನು ಮುಚ್ಚಿದ್ದರು. ಮುಚ್ಚುವಾಗಲೇ, ಮುಚ್ಚಿದ್ದು ನಾನು, ನನಗೆ ಗೊತ್ತು ಎಂದು ಅವನಿಗೊಬ್ಬನಿಗೆ ತಿಳಿಯುವಂತೆ ಮುಚ್ಚಿದ್ದರು. ಈ ಎರಡನೆಯ ಸಂಪುಟದ ಮೂಲವನ್ನು ಪೂರ್ತಿ ಓದಿದವರು ಮೂವರೇ. ಒಬ್ಬ ತಾನು. ಇನ್ನೊಬ್ಬರು ನಿವೃತ್ತರಾಗಿ ಮಾರನೆಯ ವರ್ಷವೇ ತೀರಿಕೊಂಡ ಹಳೆಯ ಸಾಹೇಬರು. ಮೂರನೆಯವಳು, ಇಲ್ಲಿ ಕೆಲಸದಲ್ಲಿದ್ದಾಗಲೇ ಓದಿದ್ದ ಪೆನ್ಸಿಲಕ್ಕ.

ಪೆನ್ಸಿಲಕ್ಕನ ಹೆಸರು ಮನಸ್ಸಿಗೆ ಬಂದದ್ದೇ ಅವನು ಮೇಜಿನ ಎದುರಿನ ಕುರ್ಚಿಯನ್ನು ನೋಡಿದ. ಅಲ್ಲಿ ಈಗ ಕಡತಗಳು ಕೂತಿದ್ದವು. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಅವಳು ಕೂತಿದ್ದಳು, ಅವನಿಗಿಂತ ಐದು ವರ್ಷಕ್ಕೆ ದೊಡ್ಡವಳು. ಪೆನ್ನು ಮುಟ್ಟುತ್ತಿರಲಿಲ್ಲ, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯುವಳು. ಪೆನ್ನಲ್ಲಿ ಬರೆದರೆ ಗೊತ್ತಿದೆ ಅಂತ ಆಗಿಬಿಡುತ್ತಲ್ಲಪ್ಪಾ ಎನ್ನುವಳು. ಅವಳ ಹಾಳೆಗಳ ಅಂಚಿನ ತುಂಬ ಸಣ್ಣ ಅಕ್ಷರದ ಅನುಮಾನಗಳು. ಅವನು ಅವಳನ್ನು ಗೇಲಿ ಮಾಡುತ್ತಿದ್ದ, ಅವಳ ಡಬ್ಬಿಯ ಊಟದಲ್ಲಿ ಪಾಲು ತಿನ್ನುತ್ತಿದ್ದ, ಅವಳ ಮಗುವಿಗೆ ಜ್ವರ ಬಂದು ಅವಳು ವಾರಗಟ್ಟಲೆ ರಜೆ ಹಾಕಿದಾಗ ಅವಳ ಪಾಲಿನ ಹಾಳೆಗಳನ್ನು ತಾನೇ ಮುಗಿಸಿಕೊಡುತ್ತೇನೆ ಎಂದು ದೊಡ್ಡತನ ತೋರಿಸಿದ್ದ. ಆಗ ಈ ಉಲ್ಟಾ ಗಿಲ್ಟಾ ಇರಲಿಲ್ಲ. ಹಾಳೆ ಹಂಚುವಾಗಲೇ ಕೆಳಗಡೆ ಯಾರ ಪಾಲಿನದೋ ಅವರ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಲವತ್ತೊಂದನೆಯ ಹಾಳೆಯ ಕೆಳಗೆ ಅವಳ ಸಹಿ ಇತ್ತು, ಅದೊಂದು ಪೆನ್ನಿನಲ್ಲಿ.

ಆ ಹಾಳೆಯಲ್ಲಿ ಒಂದು ಹೆಣ್ಣುಮಗುವಿನ ವಿಷಯ. ಬಂದರಿನವರು ಎಂಟು ವರ್ಷದ ಹೆಣ್ಣುಮಕ್ಕಳನ್ನು ಬಲೆ ಹೆಣೆಯುವುದನ್ನು ಕಲಿಯಲು ಇನ್ನೊಂದು ಮನೆಗೆ ಬಿಡುತ್ತಿದ್ದರು. ಏಳು ವರ್ಷ ಅಲ್ಲಿಯೇ ಊಟ, ನಿದ್ದೆ, ಕೆಲಸ. ಆ ಮನೆಯವಳಿಗೆ ಅಮ್ಮ ಎನ್ನಬೇಕು. ಹೆತ್ತವಳು ದಾರಿಯಲ್ಲಿ ಸಿಕ್ಕರೂ ತಲೆ ನೇವರಿಸುವಂತಿಲ್ಲ. ಬಿಡುವಾಗ ಆ ಮನೆಯವರು ಈ ಮನೆಗೆ ಒಂದು ದೋಣಿ ಕೊಡುತ್ತಿದ್ದರು, ಏಳು ವರ್ಷದ ಮೇಲೆ ಮಗುವೂ ದೋಣಿಯೂ ವಾಪಸು. ಇದಕ್ಕೂ ಅವರಲ್ಲಿ ಒಂದೇ ಪದ. ಅವಳು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: 'ಇದಕ್ಕೆ ನಮ್ಮಲ್ಲಿ ಜೋಡಿ ಇಲ್ಲ. ಆ ಪದವನ್ನೇ ಇಟ್ಟು ಕೆಳಗೆ ವಿವರ ಕೊಡೋಣ.' ಅವನಿಗೆ ಅವತ್ತು ಐದೂವರೆಯ ಬಸ್ಸು ಹಿಡಿಯಬೇಕಿತ್ತು. ದೋಣಿ ಕೊಟ್ಟು ಮಗು ತಗೊಂಡರೆ ಅದಕ್ಕೆ ಏನನ್ನುತ್ತಾರೆಂದು ಯಾರಿಗೆ ಗೊತ್ತಿಲ್ಲ? 'ಮಾರಿದರು' ಎಂದು ಬರೆದ. ಅಂಚಿನ ಅನುಮಾನವನ್ನು ರಬ್ಬರಿನಿಂದ ಒರೆಸಿ, ಚೂರುಗಳನ್ನು ಊದಿದ. ಆ ಚೂರುಗಳು ಮೇಜಿನ ಮೇಲಿಂದ ಅವಳ ಖಾಲಿ ಕುರ್ಚಿಯ ಮೇಲೆ ಹೋಗಿ ಬಿದ್ದದ್ದು ಅವನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಪುಸ್ತಕ ಹೊರಬಂದ ಮೂರನೆಯ ವಾರ ಹನ್ನೆರಡು ಜನ ಬಂದರು. ಆ ಬಂದರಿನಿಂದ ಹಿಂದೆಂದೋ ಬಂದು ಈ ಊರಿನಲ್ಲಿ ನೆಲೆನಿಂತವರ ಮೊಮ್ಮಕ್ಕಳ ಮೊಮ್ಮಕ್ಕಳು. ಕೂಗಾಡಲಿಲ್ಲ. ಒಬ್ಬ ಮುದುಕಿ ಪುಸ್ತಕವನ್ನು ಬಿಡಿಸಿ ಸಾಹೇಬರ ಮುಂದೆ ಇಟ್ಟು, "ನಮ್ಮನೇಲಿ ಆ ಹೆಣ್ಣುಮಕ್ಕಳನ್ನ ಎರಡು ತಾಯಿ ಇರೋರು ಅಂತೀವಿ. ಮಾರಿದ್ರು ಅಂತ ನಿಮಗೆ ಯಾರು ಹೇಳಿದ್ದು?" ಎಂದಳು. ಪ್ರತಿಗಳನ್ನೆಲ್ಲ ವಾಪಸು ತರಿಸಿದರು. ಸಾಹೇಬರು ಇಡೀ ವಿಭಾಗವನ್ನು ಉದ್ದನೆಯ ಮೇಜಿನ ಸುತ್ತ ಕೂರಿಸಿ, ನಲವತ್ತೊಂದನೆಯ ಹಾಳೆಯನ್ನು ಎತ್ತಿ ಹಿಡಿದು, "ಇದು ಯಾರದು?" ಎಂದು ಕೇಳಿದರು. ಪೆನ್ಸಿಲಕ್ಕ ಹಾಳೆಯನ್ನು ನೋಡಿದಳು, ಕೆಳಗಿನ ತನ್ನ ಸಹಿ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಆಗ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದ. ಮುಚ್ಚಳ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು? ಅವನು ತೆಗೆದ, ಹಾಕಿದ, ತೆಗೆದ, ಹಾಕಿದ. ಅವಳೂ ಏನೂ ಹೇಳಲಿಲ್ಲ. ಅವಳದು ವರ್ಷವರ್ಷಕ್ಕೆ ಮುಂದುವರಿಸುವ ಕೆಲಸ. ಆ ವರ್ಷ ಮುಂದುವರಿಸಲಿಲ್ಲ. ಅವಳ ಕುರ್ಚಿಯ ದಿಂಬು, ಮೂರು ಪೆನ್ಸಿಲು, ಒಂದು ಮೆಂಡರ್ ಇಷ್ಟನ್ನು ಅವನು ಚೀಲದಲ್ಲಿ ಹಾಕಿ ಜವಾನನ ಕೈಯಲ್ಲಿ ಕಳಿಸಿದ್ದ. ತಾನೇ ಹೋಗಿ ಕೊಡಬಹುದಿತ್ತು. ಇನ್ನು ಇಂಥದ್ದಾಗಬಾರದೆಂದು ಉಲ್ಟಾ ಪ್ರತಿಯ ಪದ್ಧತಿ ಬಂದದ್ದು ಅದಾದ ಮೇಲೆಯೇ.

ಅವಳು ಯಾಕೆ ಹೇಳಲಿಲ್ಲ? ಆರು ವರ್ಷ ಅವನ ಸಿಟ್ಟೆಲ್ಲ ಇದರ ಮೇಲೆ. ಅವಳು ಬಾಯಿ ಬಿಟ್ಟಿದ್ದರೆ ಅವನೂ ಒಪ್ಪಿಕೊಳ್ಳುತ್ತಿದ್ದ, ಖಂಡಿತ ಒಪ್ಪಿಕೊಳ್ಳುತ್ತಿದ್ದ. ಬೇಕೆಂದೇ ಹೇಳದೆ, ಅವನನ್ನು ಹೀಗೆ ಮಾಡಿಟ್ಟು ಹೋದಳು ಎಂದು ಎಷ್ಟೋ ಸಲ ಸ್ನಾನ ಮಾಡುವಾಗ ಅವಳ ಜೊತೆ ಜಗಳವಾಡಿದ್ದಾನೆ. ಈಗ ಈ ಎರಡು ಪದ. ಅವನು ಹೊರಗೆ ಮೆಟ್ಟಿಲ ಹತ್ತಿರ ಹೋಗಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿಗೆ ಫೋನು ಮಾಡಿದ.

"ನಿಮ್ಮಂಗಡಿಗೆ ಪೆನ್ಸಿಲಕ್ಕ ಯಾವತ್ತಾದ್ರೂ ಬಂದಿದ್ರಾ?"

"ಹೋದ ತಿಂಗಳು ಬಂದಿದ್ರಲ್ಲ. ನಿಮಗೆ ಹೇಳಿದ್ನಲ್ಲ ನಾನು?"

"ಹೇಳಿಲ್ಲ."

"ಹೇಳಿದ್ದೆ ರೀ, ನೀವು ಪೇಪರ್ ನೋಡ್ತಿದ್ರಿ. ಪಾಪ, ನಂಬರು ತುಂಬಾ ಏರಿಬಿಟ್ಟಿದೆ. ದಪ್ಪ ಗಾಜು ಹಾಕಿಸಿಕೊಟ್ಟೆ. ನಿಮ್ಮನ್ನೂ ಕೇಳಿದ್ರು."

"ಏನು ಕೇಳಿದ್ರು?"

"ಇನ್ನೇನು ಕೇಳ್ತಾರೆ? ಚೆನ್ನಾಗಿದ್ದಾನಾ ಅಂತ."

"ಹೇಗೆ ಕೇಳಿದ್ರು?"

"ಬಾಯಿಂದ," ಎಂದು ಹೆಂಡತಿ ಫೋನಿಟ್ಟಳು.

ಚೆನ್ನಾಗಿದ್ದಾನಾ. ಅವನು ಆ ಮಾತನ್ನು ಮೆಟ್ಟಿಲ ಹತ್ತಿರ ನಿಂತು ಮೂರು ನಾಲ್ಕು ರೀತಿ ಹೇಳಿ ನೋಡಿದ. ಆರು ವರ್ಷದ ಹಿಂದೆ ಇದ್ದ ಮಾತಿಗೆ ಇವತ್ತು ಅದೇ ಬೆಲೆ ಎಂದು ಹೇಗೆ ನಂಬುವುದು? ನಾನೂರು ವರ್ಷದ ಹಿಂದಿನವರ ಮನಸ್ಸಿನಲ್ಲಿ ಏನಿತ್ತೆಂದು ಸಂಬಳ ತೆಗೆದುಕೊಂಡು ಹೇಳುವವನಿಗೆ, ಹೋದ ತಿಂಗಳು ತನ್ನ ಹೆಂಡತಿಯ ಅಂಗಡಿಗೆ ಬಂದವಳ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತಾಗಲಿಲ್ಲ. ಕೆಳಗಿನಿಂದ ಜವಾನ ಲೋಟಗಳ ತಟ್ಟೆ ಹಿಡಿದು ಹತ್ತಿ ಬರುತ್ತಿದ್ದ. ಅವನನ್ನು ತಡೆದು, ಏಳನೆಯ ನಂಬರಿನವರ ಮನೆ ಎಲ್ಲಿ ಎಂದು ಕೇಳಿದ.

"ನಂಬರಿಗೆಲ್ಲ ಮನೆ ಇರುತ್ತಾ ಸಾರ್? ನಂಬರಿಗೆ ನಂಬರೇ," ಎಂದ ಜವಾನ. ಎರಡು ಮೆಟ್ಟಿಲು ಹತ್ತಿ ತಿರುಗಿದ. "ಆದ್ರೆ ಒಂದು ಮಾತು ಸಾರ್. ಆರು ವರ್ಷದ ಹಿಂದೆ ಒಂದು ದಿಂಬು ಕೊಟ್ಟು ಕಳಿಸಿದ್ರಲ್ಲ, ಆ ದಾರಿ ನನಗೆ ಮರೆತುಹೋಗಿಲ್ಲ." ಈ ಸಲ ನಗಲಿಲ್ಲ. ಅವನ ಮುಖವೇ ನಗುವಂಥದ್ದು ಎಂದುಕೊಂಡಿದ್ದು ತಪ್ಪಾಗಿತ್ತು.

ಸಂಜೆ ಆರಕ್ಕೆ ಅವನು ಮೂರನೆಯ ಮಹಡಿಯಲ್ಲಿ ಅವಳ ಬಾಗಿಲ ಮುಂದೆ ನಿಂತಿದ್ದ. ಉದ್ದನೆಯ ಮೊಗಸಾಲೆ, ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಬಾಗಿಲಿನ ಮುಂದೆ ಚಪ್ಪಲಿಗಳು, ಒಳಗಿನಿಂದ ಬೇರೆಬೇರೆ ಟೀವಿಗಳು. ಬಸ್ಸಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡಿದ್ದ: ಈ ಕಡೆ ಬಂದಿದ್ದೆ ಅಕ್ಕಾ, ಹಾಗೇ ನೋಡಿಕೊಂಡು ಹೋಗೋಣ ಅಂತ. ಬೆಲ್ಲು ಒತ್ತಿದ ಮೇಲೆ ಆ ಮಾತು ಎಲ್ಲಿಗೆ ಹೋಯಿತೋ. ಬಾಗಿಲು ತೆರೆಯಿತು. ದಪ್ಪ ಗಾಜಿನ ಹಿಂದೆ ಅವಳ ಕಣ್ಣುಗಳು ಮೊದಲಿಗಿಂತ ದೊಡ್ಡದಾಗಿ ಕಂಡವು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿವಿಯ ಹಿಂದೆ ಪೆನ್ಸಿಲಿತ್ತು.

"ಓ, ನೀನಾ! ಬಾಪ್ಪಾ, ಒಳಗೆ ಬಾ."

ಅವನು ಹೊಸ್ತಿಲು ದಾಟಲಿಲ್ಲ. ಇದು ನಾಟಕವಾಗುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಯಾವುದೋ ಬಂದರಿನ ಯಾವುದೋ ಸತ್ತವರ ಕಟ್ಟಳೆಗೆ ತಾನು ಯಾಕೆ ಹೀಗೆ ಕಟ್ಟುಬೀಳಬೇಕು? ಆದರೂ ಹೊಸ್ತಿಲ ಹೊರಗೇ ನಿಂತ. ಅವಳು ಕೇಳಲಿ ಎಂದು ಕಾದ. ಅವಳು ಬಾಗಿಲಿಗೆ ಒರಗಿ ಅವನನ್ನು ನೋಡುತ್ತ ನಿಂತಳು.

"ಕಾಫಿಗೆ ಇಡ್ತೀನಿ. ಮಗಳು ಬರೋದು ಏಳಕ್ಕೆ. ಬಾ, ಒಳಗೆ ಕೂತ್ಕೋ."

ಅವನು ಅಲ್ಲಾಡಲಿಲ್ಲ. ಅವಳ ಮುಖದ ಮೇಲಿನ ಆತಿಥ್ಯ ನಿಧಾನವಾಗಿ ಇಳಿಯಿತು. ಅದರ ಹಿಂದೆ ಇನ್ನೊಂದು ಮುಖ ಮೊದಲಿನಿಂದಲೂ ಕಾಯುತ್ತಿತ್ತು.

"ನಾನು ಕೇಳಲ್ಲಪ್ಪಾ," ಎಂದಳು. "ಯಾಕೆ ಬಂದೆ ಅಂತ ನಾನು ಕೇಳಲ್ಲ."

ಹಾಗಾದರೆ ಏಳನೆಯ ನಂಬರು ಇವಳೇ. ಅನುಮಾನ ನಿಜವಾದಾಗ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಕೇಳದಿದ್ದರೆ ಏನು ಮಾಡಬೇಕೆಂದು ಆ ಹಿರಿಯರು ಎಲ್ಲಿಯೂ ಬರೆದಿಲ್ಲ. ಕೇಳದೆ ಇರುವವರೂ ಇರುತ್ತಾರೆ ಎನ್ನುವುದು ಅವರಿಗೆ ಹೊಳೆದೇ ಇಲ್ಲ.

"ಅಕ್ಕಾ," ಎಂದ. ಪಕ್ಕದ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. "ಆ ನಲವತ್ತೊಂದನೇ ಹಾಳೆ..."

"ನನಗೆ ಗೊತ್ತಿರೋದನ್ನ ನನಗೇ ಹೇಳೋಕೆ ಬಂದ್ಯಾ? ಅದೂ ಪಿಸುಗುಟ್ಟಿ?"

"ನೀವು ಯಾಕೆ ಅವತ್ತೇ ಹೇಳಲಿಲ್ಲ?" ಆರು ವರ್ಷದ ಸಿಟ್ಟು ತಾನಾಗಿ ಹೊರಗೆ ಬಂತು. ಬಂದ ಮೇಲೆ ಎಷ್ಟು ಸಣ್ಣದೆಂದು ಕಂಡಿತು.

"ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ. ಮೊದಲು ಒಂದು ನಿಮಿಷ ಕಾದೆ. ಆಮೇಲೆ ಆ ದಿನ ಪೂರ್ತಿ. ಆಮೇಲೆ ಕಾಯೋದು ಅಭ್ಯಾಸ ಆಯ್ತು." ಅವಳು ಕನ್ನಡಕ ಮೇಲೆ ತಳ್ಳಿಕೊಂಡಳು. "ಹೊಟ್ಟೆ ಉರಿದುಹೋಗಿತ್ತಪ್ಪಾ ಅವತ್ತು. ಸುಳ್ಳು ಯಾಕೆ ಹೇಳ್ಲಿ? ಕೆಲಸ ಹೋಗಿದ್ದಕ್ಕಲ್ಲ. ಆ ಮುದುಕಿ ಹೋಗ್ತಾ ನನ್ನ ಮುಖ ನೋಡಿದ್ಳಲ್ಲ, ಅವರ ಅಜ್ಜೀನ ಮಾರಿದೋಳು ನಾನೇ ಅನ್ನೋ ಹಾಗೆ, ಅದಕ್ಕೆ."

"ಮತ್ತೆ ಈಗ ಯಾಕೆ ಆ ಎರಡು ಪದ ಹಾಕಿದ್ರಿ?"

"ನನ್ನ ಪಾಲಿನದ್ದನ್ನ ನೀನು ತುಂಬಿಕೊಟ್ಟಿದ್ದೆಯಲ್ಲ. ನಿನ್ನ ಪಾಲಿನದ್ದನ್ನ ನಾನು ತುಂಬಿಕೊಟ್ಟೆ."

ಪಕ್ಕದ ಮನೆಯ ಬಾಗಿಲು ತೆರೆದು ಒಬ್ಬಾಕೆ ಕಸದ ಬುಟ್ಟಿ ಹೊರಗಿಟ್ಟು, ಅವನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲು ಹಾಕಿಕೊಂಡಳು. ಅವನಿಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ಒಳ್ಳೆಯದು ಎನ್ನುವುದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. "ಈಗ ನಾನು ಬಾಯಿ ಬಿಟ್ರೆ, ನೀವು ಮೂಲ ಮೊದಲೇ ಓದಿದ್ದೋರು ಅನ್ನೋದೂ ಹೊರಗೆ ಬರುತ್ತೆ. ನಿಮಗಿರೋ ಈ ಕೆಲಸವೂ ಹೋಗುತ್ತೆ. ಅದಕ್ಕೇ ನಾನು..."

"ಕೆಲಸ ಬಿಟ್ಟಾಯ್ತು. ಕಣ್ಣು ಕೈಕೊಡ್ತಾ ಇದೆ, ಇದೇ ಕೊನೇದು ಅಂತ ಅದೇ ಲಕೋಟೇಲಿ ಚೀಟಿ ಬರೆದು ಹಾಕಿದ್ದೀನಿ." ಅವಳು ನಕ್ಕಳು. "ಇನ್ನೇನಿದೆ ನಿನ್ನ ಹತ್ತಿರ? ನೋಡು, ಜೇಬಲ್ಲಿ ಹುಡುಕು."

ಜೇಬಲ್ಲಿ ಏನೂ ಇರಲಿಲ್ಲ. ಅವನಿಗೆ ಕಣ್ಣು ಉರಿಯಿತು. ಅವಳ ಮುಂದೆ ಅಳಬಾರದೆಂದು ಮೊಗಸಾಲೆಯ ತುದಿಯ ಬಲ್ಬನ್ನು ನೋಡಿದ. "ಇಲ್ಲೇ ಜೋರಾಗಿ ಹೇಳ್ಲಾ? ಬೀದಿ ಕೇಳುವಂತೆ?"

"ಇಲ್ಲೇನಾ? ಇಲ್ಲಿ ನೀನು ಗಂಟಲು ಹರ್ಕೊಂಡ್ರೂ ಯಾರೂ ಬಾಗಿಲು ತೆಗೆಯಲ್ಲ. ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ ಅಷ್ಟೆ. ಅವರ ಬೀದಿ ಅಂದ್ರೆ ಬೇರೆ. ಅಲ್ಲಿ ಇದ್ದೋರೆಲ್ಲ ನಾಳೆ ಬೆಳಗಾದ್ರೆ ಇಬ್ಬರ ಮುಖಾನೂ ನೋಡಬೇಕಾಗಿತ್ತು."

"ಹಾಗಾದ್ರೆ ನಮಗೆ ಬೀದಿ ಅಂದ್ರೆ ಯಾವುದು ಅಕ್ಕಾ?"

"ಅನುವಾದ ಮಾಡೋನು ನೀನು," ಎಂದಳು ಅವಳು. ಆಮೇಲೆ, ಅವನು ಇನ್ನೂ ನಿಂತೇ ಇರುವುದನ್ನು ನೋಡಿ, "ಕಾಫಿ ಬೇಡ ಅಂದ್ರೆ ಹೋಗಿ ಬಾ. ಕತ್ತಲಾಗೋದರೊಳಗೆ ಮನೆ ಸೇರ್ಕೋ," ಎಂದು ಬಾಗಿಲು ಹಾಕಿಕೊಂಡಳು. ಚಿಲಕ ಹಾಕುವ ಸದ್ದು ಕೇಳಲಿಲ್ಲ.

ಮಾರನೆಯ ದಿನ ತಾಳೆ ಸಭೆಗೆ ಎಂಟು ಜನ ಕೂತಿದ್ದರು. ಅದೇ ಉದ್ದನೆಯ ಮೇಜು. ಆರು ವರ್ಷದ ಹಿಂದೆ ಕೂತಿದ್ದವರಲ್ಲಿ ಅವನನ್ನು ಬಿಟ್ಟು ಐದು ಜನ ಈಗಲೂ ಇದ್ದರು. ಮೇಡಂ ಮಾತ್ರ ಆಮೇಲೆ ಬಂದವರು, ಬೆರಳಚ್ಚಿನ ಹುಡುಗಿಯೂ. ಸೆಕೆಗೆ ರಸ್ತೆಯ ಕಡೆಯ ಕಿಟಕಿಗಳನ್ನೆಲ್ಲ ತೆರೆದಿದ್ದರು, ತಲೆಯ ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. ಒಬ್ಬರು ಮೂಲ ಓದುವುದು, ಇನ್ನೊಬ್ಬರು ಉಲ್ಟಾ ಓದುವುದು, ಮೇಡಂ ತಾಳೆ ಎನ್ನುವುದು, ಹುಡುಗಿ ಟಿಪ್ಪಣಿಯ ಕಾಲಮಿನಲ್ಲಿ ಬರೆದುಕೊಳ್ಳುವುದು. ಅವನು ಪ್ರತಿಯೊಂದು ಮುಖವನ್ನೂ ನೋಡಿದ. ಇವರಿಗೆಲ್ಲ ಮೊದಲೇ ಗೊತ್ತಿದ್ದರೆ? ಅವತ್ತು ಅವನು ಪೆನ್ನಿನ ಮುಚ್ಚಳ ಹಾಕುವುದನ್ನು, ತೆಗೆಯುವುದನ್ನು ಐದು ಜನ ನೋಡಿದ್ದರು. ಐದು ಜನವೂ ತಮ್ಮ ತಮ್ಮ ಪೆನ್ನುಗಳನ್ನು ನೋಡಿಕೊಂಡಿದ್ದರು. ಮೂವತ್ತೆರಡನೆಯ ಕಟ್ಟಳೆಯ ಆ ಪದ ಅವನೊಬ್ಬನಿಗೇ ಹೊಂದುವುದಲ್ಲವೇನೋ ಎನ್ನಿಸಿತು. ಅದರಿಂದ ಅವನ ಭಾರವೇನೂ ಕಡಿಮೆಯಾಗಲಿಲ್ಲ.

ಮೂವತ್ತೊಂದು, ಬಾವಿಯ ಮುಚ್ಚಳ ಹಾಕದೆ ಹೋದವನು. ತಾಳೆ. ಮೂವತ್ತೆರಡು. ಮೂಲ ಓದಿದರು, ಉಲ್ಟಾ ಓದಿದರು. ಎರಡರಲ್ಲಿಯೂ ಬೀದಿ ಇತ್ತು.

"ತಾಳೆ. ಏನು ಚೆನ್ನಾಗಿ ಕೂತಿದೆ ನೋಡಿ," ಎಂದರು ಮೇಡಂ, ಅವನ ಕಡೆ ತಿರುಗಿ ಮೆಚ್ಚುಗೆಯಿಂದ. "ಒಂದು ಪದ ಆಚೀಚೆ ಆಗಿಲ್ಲ. ಮುಂದಿಂದು, ಮೂವತ್ತಮೂರು."

ಯಾರೂ ಏನೂ ಕೇಳಲಿಲ್ಲ. ಓದುವವರು ಹಾಳೆ ತಿರುವಿದರು. ದೋಣಿಯ ಹಗ್ಗ ಎಂದು ಶುರು ಮಾಡಿದರು. ಸುಮ್ಮನಿರುವುದು ಎಷ್ಟು ಸುಲಭ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಅವನ ಕೈಯಲ್ಲಿ ಪೆನ್ನಿತ್ತು. ಬೆರಳು ತಾನಾಗಿಯೇ ಮುಚ್ಚಳವನ್ನು ಹುಡುಕುತ್ತಿತ್ತು. ಅವನು ಪೆನ್ನನ್ನು ಮೇಜಿನ ಮೇಲೆ ಇಟ್ಟ.

"ಮೇಡಂ, ಮೂವತ್ತೆರಡು ತಾಳೆ ಆಗಿಲ್ಲ."

"ಆಗಿದೆಯಲ್ರೀ."

"ನಾನು ಎರಡು ಪದ ಬಿಟ್ಟಿದ್ದೀನಿ. ನನ್ನ ಪ್ರತಿ ತೆಗೆದು ನೋಡಿ."

ಮೇಡಂ ಕಡತ ತೆರೆದರು, ಬೆರಳಿಟ್ಟು ಓದಿದರು, ಹುಬ್ಬು ಏರಿಸಿದರು. "ಹೌದು, ಇಲ್ಲ. ಉಲ್ಟಾದವರು ಅಂದಾಜಲ್ಲಿ ಹಾಕಿರಬೇಕು. ಹೋಗಲಿ ಬಿಡಿ, ಈಗ ಸೇರಿಸಿ. ಕಣ್ತಪ್ಪು ಅಂತ ಬರೀಮ್ಮಾ."

ಹುಡುಗಿ ಕಣ್ತಪ್ಪು ಎಂದು ಬರೆದಳು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಎಂಥ ನಯವಾದ ಪದ. ಬಾವಿ, ದೋಣಿ, ಮಗು, ಪೆನ್ಸಿಲಕ್ಕ, ಎಲ್ಲವೂ ಅದರೊಳಗೆ ಸದ್ದಿಲ್ಲದೆ ಇಳಿದುಹೋಗುತ್ತವೆ.

"ಅದನ್ನ ಹೊಡೆದುಹಾಕಮ್ಮಾ," ಎಂದ. "ಕಣ್ತಪ್ಪಲ್ಲ. ನಾನು ಹೇಳ್ತೀನಿ, ಹೇಳಿದ ಹಾಗೆ ಬರ್ಕೋ."

"ಏನ್ರೀ ಇದು?" ಎಂದರು ಮೇಡಂ. ಓದುತ್ತಿದ್ದವರು ನಿಲ್ಲಿಸಿದರು. ಹಳಬರಲ್ಲಿ ಒಬ್ಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರಿಗೆ ಗೊತ್ತಿತ್ತು, ಖಂಡಿತ ಗೊತ್ತಿತ್ತು.

ಅವನು ಎದ್ದು ನಿಂತ. ಯಾಕೆ ನಿಂತನೆಂದು ಅವನಿಗೇ ತಿಳಿಯಲಿಲ್ಲ, ಕೂತುಕೊಂಡೂ ಹೇಳಬಹುದಿತ್ತು. "ಮೊದಲನೇ ಸಂಪುಟದ ನಲವತ್ತೊಂದನೇ ಹಾಳೆ ನಾನು ಬರೆದದ್ದು. ಸಹಿ ಮಾತ್ರ ಪೆನ್ಸಿಲಕ್ಕಂದು. ಇದಕ್ಕೆ ನಮ್ಮಲ್ಲಿ ಜೋಡಿ ಇಲ್ಲ ಅಂತ ಅವರು ಅಂಚಲ್ಲಿ ಬರೆದಿದ್ದನ್ನ ನಾನೇ ಒರೆಸಿದೆ. ಇದು ಯಾರದು ಅಂತ ಇದೇ ಮೇಜಿನ ಮುಂದೆ ಕೇಳಿದಾಗ ನಾನು ಸುಮ್ಮನಿದ್ದೆ." ಮಾತು ಮುಗಿಯಿತು. ಆರು ವರ್ಷ ಹೊತ್ತದ್ದು ನಾಲ್ಕು ವಾಕ್ಯಗಳಷ್ಟೇ ಇತ್ತು.

ಹುಡುಗಿ ಪೆನ್ನು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಹಾಳೆ ಖಾಲಿ ಇತ್ತು.

"ಸಾರಿ ಸಾರ್, ಈ ಫ್ಯಾನಿನ ಗಲಾಟೇಲಿ ಒಂದೂ ಕೇಳಿಸಲಿಲ್ಲ," ಎಂದಳು. "ಇನ್ನೊಂದು ಸಲ ಹೇಳ್ತೀರಾ? ಸ್ವಲ್ಪ ಜೋರಾಗಿ."

ಅವನು ಮೊದಲಿನಿಂದ ಶುರು ಮಾಡಿದ, ಹಾಳೆಯ ನಂಬರಿನಿಂದ, ಒಂದೊಂದೇ ಪದವನ್ನು ಬಿಡಿಸಿ, ಗಂಟಲು ನೋಯುವಷ್ಟು ಗಟ್ಟಿಯಾಗಿ. ಕೆಳಗೆ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಂದಿಬ್ಬರು ತಲೆಯೆತ್ತಿ ಕಿಟಕಿಯ ಕಡೆ ನೋಡಿದರು.